ಬರೆಯದೇ ಇದ್ದದ್ದನ್ನು ಓದುತ್ತಿದ್ದ ಹುಡುಗಿ: ಕಾರವಾರದ ಒಂದು ಪ್ರಕರಣ

2024ರ ಜೂನ್ ಮೊದಲ ವಾರ. ಕಾರವಾರದಲ್ಲಿ ಮಳೆ ಹಿಡಿದಿತ್ತು. ಬೈತಕೋಲ್ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿ ನಿಂತಿದ್ದವು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಹಾಗಾಗಿ ಪರ್ಸೀನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡಿನ ಸುತ್ತ ಬಲೆ ಹಾಕಿ ಹಿಡಿಯುವ ಯಾಂತ್ರಿಕ ಬೋಟಿನಲ್ಲಿ, ದುಡಿಯುವ ಒಬ್ಬರಿಗೆ ಪುರುಸೊತ್ತು ಸಿಕ್ಕಿತ್ತು. ಮಗಳನ್ನು ಕರೆದುಕೊಂಡು ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಕೋಡಿಬಾಗದ ನಮ್ಮ ಮನೆಗೆ ಬಂದರು.

"ಸರ್, ಇವ್ಳಿಗೆ ಇಂಗ್ಲಿಷ್ ಬರ್ತದೆ. ಆದ್ರೆ ಪರೀಕ್ಷೆಲಿ ಬರೂದಿಲ್ಲ. ಎಂತಾ ಅಂತ ನೋಡಿ" ಅಂದರು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಇಂಥ ಮಾತನ್ನು ಬಹಳ ಅಪ್ಪಂದಿರ ಬಾಯಲ್ಲಿ ಕೇಳಿದ್ದೇನೆ. ಸಾಮಾನ್ಯವಾಗಿ ಅದು ಮಗಳ ಮೇಲಿನ ಪ್ರೀತಿಯ ಮಾತು ಅಷ್ಟೇ. ಈ ಸಲ ಮಾತ್ರ ಅಕ್ಷರಶಃ ನಿಜವಾಗಿತ್ತು. ಅದು ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು.

ಹುಡುಗಿಯ ಮನೆಮಾತು ಕೊಂಕಣಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಪಿಯುಸಿ, ಬಿಎಸ್ಸಿ, ಪ್ರಾಣಿಶಾಸ್ತ್ರ. ಐರ್ಲೆಂಡಿನಲ್ಲಿ ಕಡಲಜೀವಿಗಳ ಬಗ್ಗೆ ಎಂಎಸ್ಸಿ ಮಾಡಬೇಕು ಅಂತ ಆಸೆ. ಅದಕ್ಕೆ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆ, ಅಂದರೆ ಹೊರದೇಶದಲ್ಲಿ ಓದಲು ಹೋಗುವವರ ಇಂಗ್ಲಿಷ್ ಅಳೆಯುವ ಪರೀಕ್ಷೆ. ಅದರಲ್ಲಿ ಫಲಿತಾಂಶ ಕೊಡುವುದು 9ರವರೆಗಿನ 'ಬ್ಯಾಂಡ್' ಲೆಕ್ಕದಲ್ಲಿ. ಒಟ್ಟು 6.5 ಬ್ಯಾಂಡ್ ಬರಬೇಕು, ನಾಲ್ಕು ವಿಭಾಗಗಳಲ್ಲಿ ಯಾವುದೂ 6ಕ್ಕಿಂತ ಕಡಿಮೆ ಇರಬಾರದು. ಪರೀಕ್ಷೆಯ ಶುಲ್ಕವೇ ಹದಿನೈದು ಸಾವಿರಕ್ಕೂ ಜಾಸ್ತಿ. ಮತ್ತೆ ಮತ್ತೆ ಕಟ್ಟುವ ಸ್ಥಿತಿ ಆ ಮನೆಯಲ್ಲಿ ಇರಲಿಲ್ಲ.

ಅವಳಿಗೆ ಕಾಡುತ್ತಿದ್ದದ್ದು ರೀಡಿಂಗ್. ಒಂದು ಗಂಟೆ, ಮೂರು ಪ್ಯಾಸೇಜು, 40 ಪ್ರಶ್ನೆ. ಮೂರೂ ಸೇರಿ ಎರಡು ಸಾವಿರ ಪದ ದಾಟುತ್ತದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. 23 ಸರಿಯಾದರೆ ಸುಮಾರಾಗಿ ಬ್ಯಾಂಡ್ 6, 30 ಸರಿಯಾದರೆ 7. ಪತ್ರಿಕೆ ಕಷ್ಟವಿದ್ದರೆ ಒಂದೆರಡು ಆಚೀಚೆ. ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದ ಮೊದಲ ಅಭ್ಯಾಸ ಪತ್ರಿಕೆಯಲ್ಲಿ ಅವಳಿಗೆ 19 ಬಂತು. ಮೊದಲ ಪ್ಯಾಸೇಜಿನಲ್ಲಿ 9, ಎರಡನೆಯದರಲ್ಲಿ 6, ಮೂರನೆಯದರಲ್ಲಿ 4.

ಈ ಇಳಿಜಾರು ನೋಡಿದರೆ ಯಾರಾದರೂ ಹೇಳುವುದು ಒಂದೇ: ಸಮಯ ಸಾಲುತ್ತಿಲ್ಲ. ನಾನೂ ಹಾಗೇ ಅಂದುಕೊಂಡೆ. ಮರುದಿನ ಇನ್ನೊಂದು ಪತ್ರಿಕೆ ಕೊಟ್ಟು, ಗಡಿಯಾರ ಒಳಗಿಟ್ಟೆ. "ಎಷ್ಟು ಹೊತ್ತು ಬೇಕಾದರೂ ತಗೋ ತಂಗಿ" ಅಂದೆ. ಎರಡು ತಾಸು ತೆಗೆದುಕೊಂಡಳು. ಬಂದದ್ದು 24. ಎರಡು ಪಟ್ಟು ಸಮಯಕ್ಕೆ ಐದು ಅಂಕ ಮಾತ್ರ. ಅಂದರೆ ಉಳಿದ 16 ತಪ್ಪಿಗೆ ಗಡಿಯಾರದ ಮೇಲೆ ದೂರು ಹಾಕುವಂತಿರಲಿಲ್ಲ.

ಮೊದಲ ತಪ್ಪು ಮದ್ದು ನನ್ನದೇ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ದಿನಕ್ಕೊಂದು ಓದು ಅಂದೆ. ನಮ್ಮ ಕಾಲದಲ್ಲಿ ಎಲ್ಲಕ್ಕೂ ಅದೇ ಕಷಾಯ. ಎರಡು ವಾರ ಓದಿದಳು, ಅಂಕ ಕದಲಲಿಲ್ಲ. ಸಂಪಾದಕೀಯ ವಾದ ಮಾಡುತ್ತದೆ, ಓದುವವರನ್ನು ತನ್ನ ಕಡೆ ಎಳೆಯುತ್ತದೆ. ಓದಿ ಮುಗಿಸಿದ ಮೇಲೆ ನಮಗೂ ಒಂದು ಅಭಿಪ್ರಾಯ ಹುಟ್ಟುತ್ತದೆ. ಈ ಹುಡುಗಿಗೆ ಬೇಡದೇ ಇದ್ದದ್ದು ಅದೇ. ಆದರೆ ಅದು ಆಗ ಹೊಳೆಯಲಿಲ್ಲ.

ಅವಳ ಬಳಿ ಒಂದು ದಪ್ಪ ಪುಸ್ತಕವೂ ಇತ್ತು. ಹಿಂದೆ ಹೋಗಿದ್ದ ಒಂದು ತರಗತಿಯಲ್ಲಿ ಬರೆಸಿದ ಸಾವಿರ ಕಷ್ಟದ ಪದಗಳು. ಅರ್ಧ ಬಾಯಿಪಾಠ ಆಗಿತ್ತು. ನಾನು ಅದನ್ನು ಮುಚ್ಚಿಸಿದೆ. ಕಷ್ಟದ ಪದ ಅವಳನ್ನು ಕೆಡವುತ್ತಿರಲಿಲ್ಲ. ಕಷ್ಟದ ಪದ ಕಂಡರೆ ಅವಳು ಎಚ್ಚರವಾಗುತ್ತಿದ್ದಳು, ಅಕ್ಕಪಕ್ಕದ ಸಾಲು ನೋಡಿ ಊಹಿಸುತ್ತಿದ್ದಳು. ಕೆಡವುತ್ತಿದ್ದದ್ದು ಸುಲಭದ ಪದಗಳು. 'ಸಿನ್ಸ್' ಅಂದರೆ 'ಅಂದಿನಿಂದ' ಅಂತ ಮಾತ್ರ ಗೊತ್ತು. 'ಯಾಕೆಂದರೆ' ಅಂತಲೂ ಆಗುತ್ತದೆ ಅಂತ ಗೊತ್ತಿದ್ದರೂ ಓದುವ ಭರದಲ್ಲಿ ನೆನಪಾಗುತ್ತಿರಲಿಲ್ಲ. 'ವೈಲ್' ಬಂದರೆ 'ಆಗುತ್ತಿರುವಾಗ'. 'ಆದರೂ' ಅಂತ ಹೊಳೆಯುತ್ತಿರಲಿಲ್ಲ. 'ಫ್ಯೂ' ಮತ್ತು 'ಅ ಫ್ಯೂ' ಎರಡೂ ಒಂದೇ ಅಂದುಕೊಂಡಿದ್ದಳು. ಮೊದಲನೆಯದು 'ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ'. ಎರಡನೆಯದು 'ಕೆಲವು ಇವೆ'. ಆ ಒಂದು ಪುಟ್ಟ 'ಅ' ಇಡೀ ವಾಕ್ಯದ ಮುಖ ತಿರುಗಿಸಿಬಿಡುತ್ತದೆ.

ಇಲ್ಲಿ ನಮ್ಮ ಭಾಷೆಗಳ ಪಾತ್ರವೂ ಇದೆ. ಕನ್ನಡದಲ್ಲಿ 'ಇಲ್ಲ', 'ಅಲ್ಲ' ಬರುವುದು ವಾಕ್ಯದ ಕೊನೆಗೆ. ಕೊಂಕಣಿಯಲ್ಲೂ ಹೆಚ್ಚುಕಡಿಮೆ ಹಾಗೇ. ಬಾಲದಲ್ಲಿ ಇಲ್ಲ ಇದ್ದರೆ ಇಲ್ಲ, ಇಲ್ಲದಿದ್ದರೆ ಉಂಟು. ಇಂಗ್ಲಿಷ್ ತನ್ನ 'ಇಲ್ಲ'ವನ್ನು ವಾಕ್ಯದ ಮಧ್ಯೆ ಎಲ್ಲೋ ಅಡಗಿಸುತ್ತದೆ, ಅದೂ ವೇಷ ಹಾಕಿಸಿ. 'ಹಾರ್ಡ್ಲಿ', 'ಫೇಲ್ಡ್ ಟು', 'ಅನ್‌ಲೆಸ್', 'ರಾದರ್ ದ್ಯಾನ್'. ಬಣ್ಣ ಹಚ್ಚಿಕೊಂಡ ಇವುಗಳನ್ನು ಅವಳು 'ಇಲ್ಲ' ಅಂತ ಗುರುತಿಸುತ್ತಲೇ ಇರಲಿಲ್ಲ. ಇನ್ನೊಂದು ತೊಡಕು. ನಾವು 'ನಿನ್ನೆ ಬೈತಕೋಲಿಗೆ ಬಂದ ದೋಣಿ' ಅನ್ನುತ್ತೇವೆ. ವಿವರಣೆ ಮೊದಲು, ದೋಣಿ ಆಮೇಲೆ. ಇಂಗ್ಲಿಷಿನವರು ದೋಣಿಯನ್ನು ಮುಂದೆ ನಿಲ್ಲಿಸಿ, 'ವಿಚ್' ಅಂತ ಹಗ್ಗ ಕಟ್ಟಿ, ಉಳಿದದ್ದನ್ನು ಹಿಂದೆ ಎಳೆಯುತ್ತಾರೆ. ಇವಳು ಮನಸ್ಸಿನಲ್ಲಿ ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತರುತ್ತಿದ್ದಳು. ಅದಕ್ಕೆ ವಾಕ್ಯದ ಕೊನೆಗೆ ಹೋಗಿ ಮತ್ತೆ ಮೊದಲಿಗೆ ವಾಪಸ್ ಬರಬೇಕು. ಎದುರು ಕೂತು ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು, ಒಂದೊಂದು ಸಾಲಿಗೆ ಎರಡು ಮೂರು ಸಲ ಆಚೆ ಈಚೆ.

ಇದಕ್ಕೆ ಮಾಡಿದ್ದು ಸಣ್ಣ ಕೆಲಸ. ದಿನಕ್ಕೆ ಐದು ಉದ್ದ ವಾಕ್ಯ. ಮೊದಲು ಕ್ರಿಯಾಪದ ಹುಡುಕು, ಅದನ್ನು ಮಾಡಿದ್ದು ಯಾರು ಹೇಳು. ಅಷ್ಟು ಆದ ಮೇಲೆ ಉಳಿದದ್ದನ್ನು ಮುಟ್ಟು. ಕನ್ನಡಕ್ಕೆ ತರುವ ಹಾಗಿಲ್ಲ. ಅರ್ಥ ಕೇಳಿದರೆ ಕೈಯಲ್ಲಿ ಚಿತ್ರ ಬರೆದು ತೋರಿಸಬೇಕು. ಚಿತ್ರ ನೋಡಿ ನಾವಿಬ್ಬರೂ ಬಹಳ ನಕ್ಕಿದ್ದೇವೆ. ಒಂದು ತಿಂಗಳಲ್ಲಿ ಓದುವ ವೇಗ ಸುಧಾರಿಸಿತು.

ಆದರೂ ಅಸಲಿ ಕಾಯಿಲೆ ಬೇರೆ ಇತ್ತು. ಅದು ಸಿಕ್ಕಿದ್ದು ಆಕಸ್ಮಿಕವಾಗಿ.

ಜೂನ್ ಕೊನೆಗೆ ಒಂದೇ ದಿನ ಎರಡು ಪ್ಯಾಸೇಜು ಕೊಟ್ಟಿದ್ದೆ. ಒಂದು ಹಳೆಯ ವೆನಿಸ್ ನಗರದ ಗಾಜಿನ ಕೆಲಸದ ಬಗ್ಗೆ. ಇನ್ನೊಂದು ಮೀನಿನ ಸಂತತಿ ಕಡಿಮೆಯಾಗುವುದರ ಬಗ್ಗೆ. ಮೀನಿನದ್ದು ಅವಳಿಗೆ ಹಬ್ಬ ಆಗಬೇಕಿತ್ತು, ಅಲ್ವಾ? ಹುಟ್ಟಿದ್ದು ಮೀನುಗಾರರ ಮನೆಯಲ್ಲಿ, ಓದಿದ್ದು ಪ್ರಾಣಿಶಾಸ್ತ್ರ. ಗಾಜಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅದು ಒಡೆಯುತ್ತದೆ ಎಂಬುದಷ್ಟೇ. ಗಾಜಿನಲ್ಲಿ 13ಕ್ಕೆ 9 ಬಂತು. ಮೀನಿನಲ್ಲಿ 13ಕ್ಕೆ 5.

ನಾನು ಎರಡು ಸಲ ತಿದ್ದಿ ನೋಡಿದೆ. ಸರಿಯಾಗೇ ಇತ್ತು. ಅವಳನ್ನು ಕೂರಿಸಿಕೊಂಡು ಒಂದೊಂದೇ ತಪ್ಪು ಕೇಳಿದೆ. ಒಂದು ಹೇಳಿಕೆ ಹೀಗಿತ್ತು: ಮೀನುಗಾರಿಕೆ ನಿಷೇಧದ ನಂತರದ ವಾರಗಳಲ್ಲಿ ಹೆಚ್ಚು ಮೀನು ಸಿಗುತ್ತದೆ. ಅವಳು 'ಟ್ರೂ' ಅಂತ ಬರೆದಿದ್ದಳು.

"ಇದು ಪ್ಯಾಸೇಜಿನಲ್ಲಿ ಎಲ್ಲಿದೆ? ಬೆರಳಿಟ್ಟು ತೋರಿಸು."

ಹುಡುಕಿದಳು. ಇರಲಿಲ್ಲ. ಪ್ಯಾಸೇಜಿನಲ್ಲಿ ಇದ್ದದ್ದು ನಿಷೇಧ ಯಾವಾಗ, ಯಾಕೆ ಅಂತ ಮಾತ್ರ. ಮೊಟ್ಟೆ ಇಡುವ ಕಾಲ, ಮರಿಗಳು ಬೆಳೆಯಬೇಕು. ಆಮೇಲೆ ಏನಾಯಿತು ಅಂತ ಬರೆದಿರಲಿಲ್ಲ.

"ಆದ್ರೆ ಸರ್, ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ? ಆಗಸ್ಟಲ್ಲಿ ಪಪ್ಪಾ ತರೂ ಮೀನು ನೋಡಿದ್ರೆ..."

ಅಲ್ಲಿ ಸಿಕ್ಕಿತು. ಅವಳು ಪ್ಯಾಸೇಜು ಓದುತ್ತಿರಲಿಲ್ಲ. ಪ್ಯಾಸೇಜಿನ ಜೊತೆ ಮಾತಾಡುತ್ತಿದ್ದಳು. ಅದು ಅರ್ಧ ಹೇಳಿದರೆ ಉಳಿದರ್ಧ ಇವಳು ತುಂಬುತ್ತಿದ್ದಳು. ಬದುಕಿನಲ್ಲಿ ಬುದ್ಧಿವಂತರು ಓದುವುದು ಹೀಗೇ. ಈ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ. ಹೇಳಿಕೆಗೆ ಉತ್ತರ ಮೂರರಲ್ಲಿ ಒಂದು: ಪ್ಯಾಸೇಜು ಒಪ್ಪಿದರೆ 'ಟ್ರೂ', ಎದುರು ಹೇಳಿದರೆ 'ಫಾಲ್ಸ್', ಏನೂ ಹೇಳದಿದ್ದರೆ 'ನಾಟ್ ಗಿವನ್'. ಲೋಕದಲ್ಲಿ ಅದು ಸತ್ಯವೋ ಸುಳ್ಳೋ ಅನ್ನುವುದು ಪ್ರಶ್ನೆಯೇ ಅಲ್ಲ.

ಅಂದಿನಿಂದ ಒಂದು ತಪ್ಪಿನ ವಹಿ ಶುರು ಮಾಡಿದೆವು. ಪ್ರತಿ ತಪ್ಪು ಉತ್ತರದ ಎದುರು ಒಂದೇ ಪ್ರಶ್ನೆ: ಯಾವ ಸಾಲು ನಂಬಿ ಹೀಗೆ ಬರೆದೆ? ಹಳೆಯ ಪತ್ರಿಕೆಗಳನ್ನೂ ತೆಗೆದು ತುಂಬಿಸಿದಳು. ಅರ್ಧಕ್ಕರ್ಧ ಕಡೆ ಆ ಜಾಗ ಖಾಲಿ. ನಂಬಲು ಸಾಲೇ ಇರಲಿಲ್ಲ. ವಿಜ್ಞಾನ, ಪರಿಸರ, ಕಡಲು, ಆರೋಗ್ಯ, ಹೀಗೆ ಅವಳಿಗೆ ಗೊತ್ತಿದ್ದ ವಿಷಯಗಳಲ್ಲೇ ಖಾಲಿ ಜಾಸ್ತಿ.

ಅಭ್ಯಾಸಕ್ಕೆ ನಾನೇ ಸಣ್ಣ ಪ್ಯಾಸೇಜುಗಳನ್ನು ಬರೆಯತೊಡಗಿದೆ. ಬೇಕಂತಲೇ ಅವಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಈಜು ಕಲಿಸುವವರು ಆಳಕ್ಕೆ ಕರೆದುಕೊಂಡು ಹೋದ ಹಾಗೆ. ರವೀಂದ್ರನಾಥ ಟಾಗೋರರು ಯುವಕನಾಗಿದ್ದಾಗ ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು, ಇಲ್ಲಿದ್ದಾಗ ಒಂದು ನಾಟಕ ಬರೆದರು ಅಂತ ಒಂದು ಪ್ಯಾರಾ. ಕೆಳಗೆ ಹೇಳಿಕೆ: ಟಾಗೋರರು ಬದುಕಿದ್ದಾಗಲೇ ಇಲ್ಲಿನ ಕಡಲತೀರಕ್ಕೆ ಅವರ ಹೆಸರಿಟ್ಟರು. 'ಫಾಲ್ಸ್' ಅಂತ ಬರೆದಳು. ನಾನು ಸುಮ್ನೆ ಬೆರಳು ತೋರಿಸಿದೆ. ನಾಲಿಗೆ ಕಚ್ಚಿಕೊಂಡಳು. ಕಡಲತೀರದ ಹೆಸರಿನ ಮಾತೇ ಆ ಪ್ಯಾರಾದಲ್ಲಿ ಇರಲಿಲ್ಲ.

ಇನ್ನೊಂದು ರಂಪಣಿ ಬಲೆಯದ್ದು. ಆ ದಿನ ಮಳೆ ಜೋರಿದ್ದರಿಂದ ಅವಳ ಅಪ್ಪ ಕರೆದುಕೊಂಡು ಹೋಗಲು ಬಂದು ಜಗಲಿಯಲ್ಲೇ ಕೂತಿದ್ದರು. ಪ್ಯಾಸೇಜಿನ ಸಾರ ಇಷ್ಟು: ರಂಪಣಿ ಅಂದರೆ ದಡಕ್ಕೆ ಎಳೆಯುವ ಉದ್ದದ ಬಲೆ. ಅದನ್ನು ಎಳೆಯಲು ಹತ್ತಾರು ಜನ ಬೇಕು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು. ಈಗಲೂ ಕಾರವಾರದ ದಡದಲ್ಲಿ ಅಲ್ಲಲ್ಲಿ ಕಾಣುತ್ತದೆ. ಮೊದಲ ಹೇಳಿಕೆ, ರಂಪಣಿ ಈಗ ಪೂರ್ತಿ ನಿಂತುಹೋಗಿದೆ. 'ಫಾಲ್ಸ್', ಸರಿ. ಎರಡನೆಯದು, ರಂಪಣಿಯಲ್ಲಿ ಸಿಗುತ್ತಿದ್ದ ಪಾಲು ಪರ್ಸೀನಿನಲ್ಲಿ ಸಿಗುವ ಪಾಲಿಗಿಂತ ನ್ಯಾಯವಾಗಿತ್ತು. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದೇ ತಡ, ಅಪ್ಪ ಕುರ್ಚಿಯಿಂದ ಎದ್ದರು.

"ಖರೆ ಸರ್! ನಮ್ಮಪ್ಪ ರಂಪಣಿ ಎಳೆದವ್ರು. ಅಲ್ಲಿ ಪಾಲು ಅಂದ್ರೆ ಪಾಲು. ಈಗ ಎಂತ ಉಂಟು, ಬೋಟಿನ ಯಜಮಾನ ಕೊಟ್ಟಷ್ಟು."

ಮಗಳು ಅವರನ್ನು ನೋಡಿದಳು, ಹಾಳೆ ನೋಡಿದಳು. "ಪಪ್ಪಾ, ಇದ್ರಲ್ಲಿ ಬರ್ದಿಲ್ಲ" ಅಂದಳು. ಅಪ್ಪ, "ಬರೀಲಿಕ್ಕೆ ಎಂತ, ಕೇಳಿದ್ರೆ ನಾನೇ ಹೇಳ್ತೆ" ಅಂದರು. ತನ್ನ ಕಾಯಿಲೆಯನ್ನು ಇನ್ನೊಬ್ಬರಲ್ಲಿ ನೋಡಿದ ಹಾಗಾಯಿತು ಅವಳಿಗೆ. ನಾನು ಒಂದು ತಿಂಗಳು ಹೇಳಿದ್ದಕ್ಕಿಂತ ಆ ಎರಡು ನಿಮಿಷದ ಕೆಲಸ ದೊಡ್ಡದು.

ಆಮೇಲೆ ಬೇರೆ ಕಾಟ ಶುರುವಾಯಿತು. ಜುಲೈ ಪೂರ್ತಿ ಅವಳು ಎಲ್ಲದಕ್ಕೂ 'ನಾಟ್ ಗಿವನ್' ಬರೆಯತೊಡಗಿದಳು. ಪದ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ 'ನಾಟ್ ಗಿವನ್'. 22ಕ್ಕೆ ಏರಿದ್ದ ಅಂಕ ಮತ್ತೆ 21ಕ್ಕೆ ಬಂತು. ಪ್ಯಾಸೇಜಿನಲ್ಲಿ 'ಹತ್ತಾರು ಜನ ಬೇಕು' ಅಂತಿದ್ದು, ಹೇಳಿಕೆಯಲ್ಲಿ 'ಒಬ್ಬರಿಂದ ಆಗದು' ಅಂತಿದ್ದರೂ ಅವಳಿಗೆ ಅನುಮಾನ. ಆಗ ಬೆರಳಿನ ನಿಯಮ ಸ್ವಲ್ಪ ಬದಲಿಸಿದೆ. 'ನಾಟ್ ಗಿವನ್' ಬರೆಯುವಾಗಲೂ ಬೆರಳಿಡಬೇಕು: ಆ ಮಾತು ಬರಬೇಕಿದ್ದ ಜಾಗ ಯಾವುದು? ಅಲ್ಲಿನ ಎರಡು ಮೂರು ಸಾಲು ಮತ್ತೆ ಓದಬೇಕು. ಓದಿ, ಬರೆದವನನ್ನು ಎದುರು ಕೂರಿಸಿಕೊಂಡ ಹಾಗೆ ಯೋಚಿಸಬೇಕು. ಈ ಹೇಳಿಕೆ ಕೇಳಿ ಅವನು ತಲೆ ಆಡಿಸಿದರೆ 'ಟ್ರೂ'. ಜಗಳಕ್ಕೆ ಬಂದರೆ 'ಫಾಲ್ಸ್'. 'ನಾನು ಆ ಮಾತೇ ಎತ್ತಿಲ್ಲವಲ್ಲ ಮಾರಾಯ್ತಿ' ಅಂದರೆ 'ನಾಟ್ ಗಿವನ್'. ಇದು ಅವಳಿಗೆ ಹಿಡಿಸಿತು.

ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಉಳಿಸಿದರು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜಿಲ್ಲೆ ಇನ್ನೂ ಅದೇ ದುಃಖದಲ್ಲಿತ್ತು, ಅಷ್ಟರಲ್ಲಿ ಇದು. ಹುಡುಗಿಯ ಮನೆ ಆಚೆ ದಡ, ನನ್ನದು ಈಚೆ. ಕೆಲವು ದಿನ ಪಾಠವಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಕಾರಣಗಳಿದ್ದವು.

ಮತ್ತೆ ಬಂದಾಗ ಅವಳ ಮುಂದೆ ಒಂದು ಇಂಗ್ಲಿಷ್ ವರದಿ ಇಟ್ಟೆ. ಅದರಲ್ಲಿ ಎರಡು ವಾಕ್ಯ ಹತ್ತಿರ ಹತ್ತಿರ ಇದ್ದವು. ಸೇತುವೆ ಸುಮಾರು 40 ವರ್ಷ ಹಳೆಯದು ಅಂತ ಒಂದು. ರಾತ್ರಿ ಕುಸಿಯಿತು ಅಂತ ಇನ್ನೊಂದು. ನನ್ನ ಹೇಳಿಕೆ: ವರದಿಯ ಪ್ರಕಾರ ಸೇತುವೆ ಹಳೆಯದಾಗಿದ್ದರಿಂದ ಕುಸಿಯಿತು. ಬಹಳ ಹೊತ್ತು ನೋಡಿದಳು. "ಹಳೇದು ಅಂತ ಉಂಟು. ಬಿತ್ತು ಅಂತ ಉಂಟು. ಆದ್ದರಿಂದ ಅಂತ ಇಲ್ಲ" ಅಂದಳು. ದಿನವೂ ದಾಟುತ್ತಿದ್ದ ಸೇತುವೆ ಅದು. ಅದರ ಬಗ್ಗೆ ಅವಳಿಗೆ ಹೇಳಲು ಬೇಕಾದಷ್ಟಿತ್ತು. ಆದರೂ ಇಲ್ಲದ 'ಆದ್ದರಿಂದ'ವನ್ನು ತಾನಾಗಿ ಸೇರಿಸಲಿಲ್ಲ. ನನಗೆ ಧೈರ್ಯ ಬಂದದ್ದು ಆವತ್ತು. ಮುಂದಿನ ಪತ್ರಿಕೆಯಲ್ಲಿ 26, ಆಮೇಲೆ 28, 27, 30.

ಸಮಯದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಪ್ಯಾಸೇಜು ಮುಂದೆ ಹೋದ ಹಾಗೆ ಕಷ್ಟವಾಗುತ್ತದೆ. ಅದಕ್ಕೆ 20-20-20 ಬಿಟ್ಟು 17-20-23 ನಿಮಿಷ ಮಾಡಿಕೊಂಡಳು. ಇಬ್ಬರು ತಿಳಿದವರ ಅಭಿಪ್ರಾಯ ಯಾರದ್ದು ಅಂತ ಹೊಂದಿಸುವ ಪ್ರಶ್ನೆಗಳಲ್ಲಿ ಹೆಸರುಗಳಿಗೆ ಗೆರೆ ಹಾಕಿಕೊಳ್ಳುವುದು ರೂಢಿಯಾಯಿತು. 'ಎರಡು ಪದಕ್ಕಿಂತ ಹೆಚ್ಚಿಲ್ಲ' ಅಂತ ಇರುವ ಕಡೆ ಮೂರು ಪದ ಬರೆದು ಅಂಕ ಕಳೆದುಕೊಳ್ಳುವುದನ್ನು ಬೈದು ಬಿಡಿಸಿದೆ. ಅವಳು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವಳು. ಮನೆಯಲ್ಲಿದ್ದದ್ದು ಮೊಬೈಲ್ ಮಾತ್ರ. ಕೊನೆಯ ಮೂರು ವಾರ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡಿದಳು, ಕರೆಂಟ್ ಇದ್ದಾಗ. ತೆರೆಯ ಮೇಲೆ ಬೆರಳಿಟ್ಟು ಹುಡುಕುವುದನ್ನು ಮಾತ್ರ ಬಿಡಲಿಲ್ಲ.

ಗೆಲ್ಲಲಾಗದ್ದು ಒಂದು ಉಳಿಯಿತು: ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವುದು. ಮೊದಲ ಸಾಲು ನೋಡಿ ಶೀರ್ಷಿಕೆ ಆರಿಸುವ ಚಟ ಬಿಡಿಸಲು ಆಗಲಿಲ್ಲ. ಪ್ಯಾರಾ ಓದಿ ಮುಗಿಸಿ, ಕೊಟ್ಟ ಪಟ್ಟಿ ನೋಡುವ ಮೊದಲು ನಿನ್ನದೇ ಮೂರು ಪದದ ಹೆಸರಿಡು ಅಂತ ಹೇಳಿದ್ದೆ. ಅಭ್ಯಾಸದಲ್ಲಿ ಮಾಡುತ್ತಿದ್ದಳು, ಗಡಿಯಾರ ಇಟ್ಟರೆ ಮರೆಯುತ್ತಿದ್ದಳು. ಆರರಲ್ಲಿ ಎರಡೋ ಮೂರೋ ಸರಿ. ಇಷ್ಟಕ್ಕೇ ಬಿಡೋಣ ಅಂತ ನಾನೇ ನಿರ್ಧರಿಸಿದೆ. ತಪ್ಪು ಮಾಡಿದೆನೋ ಏನೋ. ಇನ್ನೊಂದು ತಿಂಗಳು ಇದ್ದಿದ್ದರೆ ಬಿಡುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರೆದು ಬಂದಳು. ರೀಡಿಂಗ್ 6.5. ಲಿಸನಿಂಗ್ 7, ಸ್ಪೀಕಿಂಗ್ 6.5. ರೈಟಿಂಗ್ 5.5. ಒಟ್ಟು ಲೆಕ್ಕ 6.5 ಆದರೂ ಒಂದು ವಿಭಾಗ 6ಕ್ಕಿಂತ ಕೆಳಗೆ. ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು. ಅದನ್ನು ಹಿಡಿದುಕೊಂಡು ಮತ್ತೆ ಜಗಲಿಗೆ ಬಂದಳು.

ಮೊದಲ ಪ್ರಬಂಧ ಪ್ರವಾಸೋದ್ಯಮದಿಂದ ಕರಾವಳಿಗೆ ಲಾಭವೋ ನಷ್ಟವೋ ಅಂತ. ಓದಿದೆ. ಭಾಷೆ ಪರವಾಗಿಲ್ಲ. ಆದರೆ ಏನೋ ಹಾರಿ ಹಾರಿ ಹೋದ ಹಾಗೆ. ಹೋಟೆಲುಗಳು ಬಂದಿವೆ ಅನ್ನುತ್ತಾಳೆ, ಮುಂದಿನ ಸಾಲಿನಲ್ಲಿ ಮೀನುಗಾರರಿಗೆ ತೊಂದರೆ ಅನ್ನುತ್ತಾಳೆ. ನಡುವೆ ಏನಾಯಿತು? ಬಲೆ ಒಣಗಿಸುವ ಜಾಗ ಹೋಯಿತೋ, ದೋಣಿ ಎಳೆದು ನಿಲ್ಲಿಸಲು ಬಿಡುತ್ತಿಲ್ಲವೋ? ಅವಳಿಗೆ ಗೊತ್ತಿದೆ, ಹಾಗಾಗಿ ಬರೆದಿಲ್ಲ. ಓದುವವರು ತುಂಬಿಕೊಳ್ಳುತ್ತಾರೆ ಅಂತ ನಂಬಿಕೆ. ಕೆಂಪು ಪೆನ್ನು ತೆಗೆದುಕೊಂಡು ಅಂಚಿನಲ್ಲಿ ನಾಲ್ಕು ಕಡೆ 'ನಾಟ್ ಗಿವನ್' ಅಂತ ಬರೆದು ಹಾಳೆ ವಾಪಸ್ ಕೊಟ್ಟೆ. ನೋಡಿದಳು, ಜೋರಾಗಿ ನಕ್ಕಳು, ಪೆನ್ನು ಕೇಳಿದಳು.